ಒಂದು ಬೈ ಹನ್ನೆರಡು

ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಲ್ಲೇಶನಿಗೆ ಹೆಂಡತಿಯ ಫೋನು ನೋಡುವ ಚಾಳಿ ಇರಲಿಲ್ಲ. ಆವತ್ತು ಸರ್ವಮಂಗಳ ಸ್ನಾನಕ್ಕೆ ಹೋಗಿದ್ದಳು, ಅಡುಗೆಕಟ್ಟೆಯ ಮೇಲಿದ್ದ ಫೋನು ಟಿಣ್ ಎಂದಿತು, ಕಣ್ಣು ಹಾಯಿತು. ‘ಮೇಡಂ, ಕೊನೆಗೂ -1/12ಕ್ಕೆ ಒಪ್ಪಿದ್ರಲ್ಲ, ಬಹಳ ಖುಷಿಯಾಯ್ತು. ಮಕ್ಕಳಿಗೆ ಈಗಲೇ ಹೇಳೋದು ಬೇಡ.’ ಕಳಿಸಿದವನು ಶಿವಶಂಕರ್.

ಸರ್ವಮಂಗಳ ಹುಣಸೂರಿನ ಪಿಯು ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕಿ. ಶಿವಶಂಕರ್ ಈ ವರ್ಷ ಅವಳ ವಿಭಾಗಕ್ಕೆ ಬಂದವನು, ಇನ್ನೂ ಮದುವೆಯಾಗದವನು. ಒಂದು, ಹನ್ನೆರಡು. ಅಂದರೆ ಡಿಸೆಂಬರ್ ಒಂದು. ಹತ್ತಿರದಲ್ಲೇ ಇತ್ತು. ಅಂಕಿಯ ಎಡಕ್ಕಿದ್ದ ಪುಟ್ಟ ಗೆರೆ ಮಲ್ಲೇಶನ ಕಣ್ಣಿಗೇ ಬೀಳಲಿಲ್ಲ. ‘ಮಕ್ಕಳಿಗೆ’ ಎಂಬ ಮಾತನ್ನು ಮಾತ್ರ ಎರಡೆರಡು ಸಲ ಓದಿದ. ಅವರಿಗೆ ಇಬ್ಬರು ಮಕ್ಕಳು.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಗಮನಿಸತೊಡಗಿದ. ಸೊಪ್ಪು ಸೋಸುತ್ತ ಅವಳು ತನ್ನಷ್ಟಕ್ಕೆ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಬಸ್ಸು ತಡವಾಯಿತು ಎಂದರೆ ಯಾವ ಬಸ್ಸು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೆದಕುತ್ತಿದ್ದ. ಅಂಗಡಿಯಲ್ಲಿ ಯೂರಿಯಾ ಕೇಳಿದವರಿಗೆ ಪೊಟ್ಯಾಷ್ ಕೊಟ್ಟು ಬೈಸಿಕೊಂಡ.

ಡಿಸೆಂಬರ್ ಒಂದರ ಬೆಳಿಗ್ಗೆ ಅವಳು ಹೊಸ ಸೀರೆ ಉಟ್ಟು ನಿಂತಳು. “ರೀ, ಇವತ್ತು ಬರೋದು ತಡ ಆಯ್ತದೆ.”

“ಯಾಕೆ?”

“ಗಣಿತದವ್ರದ್ದು ಏನೋ ಇದೆ. ಹೇಳಿದ್ರೂ ನಿಮಗೆ ತಲೆ ಕೆಡ್ತದೆ ಬುಡಿ.”

ಮಧ್ಯಾಹ್ನ ಮಲ್ಲೇಶ ಅಂಗಡಿಯ ಷಟರ್ ಎಳೆದು ಬೈಕು ಹತ್ತಿದ. ಹುಣಸೂರಿಗೆ ಬಂದು ಕಾಲೇಜಿನೆದುರಿನ ಟೀ ಅಂಗಡಿಯಲ್ಲಿ ಕೂತ. ಗಂಟೆ ಹೊಡೆಯಿತು, ಹುಡುಗರು ಗುಂಪುಗುಂಪಾಗಿ ಹೊರಟರು, ಗೇಟು ಖಾಲಿಯಾಯಿತು. ಸರ್ವಮಂಗಳ ಬರಲಿಲ್ಲ. ಇನ್ನು ತಡೆಯಲಾಗದೆ ಒಳಗೆ ನುಗ್ಗಿದ. ಮೂಲೆಯ ಕೋಣೆಯಿಂದ ಅವಳ ದನಿ ಜೋರಾಗಿ ಕೇಳಿಸಿತು.

“ನಾನು ಒಪ್ಪಿದ್ದು ಅದನ್ನ ಬೆಲೆ ಅಂತ, ಮೊತ್ತ ಅಂತ ಅಲ್ಲ ಕಣ್ರೀ ಶಿವಶಂಕರ್!”

ಬಾಗಿಲು ತೆರೆದೇ ಇತ್ತು. ಬೋರ್ಡಿನ ಮೇಲೆ 1 + 2 + 3 + 4 ಎಂದು ಮುಗಿಯದ ಸಾಲು, ಅದರ ತುದಿಗೆ -1/12. ಸೀಮೆಸುಣ್ಣ ಹಿಡಿದ ಶಿವಶಂಕರ್. ಬೆಂಚಿನಲ್ಲಿ ಪ್ರಿನ್ಸಿಪಾಲರು, ಮತ್ತಿಬ್ಬರು ಉಪನ್ಯಾಸಕರು.

“ನೀವೇನ್ರೀ ಇಲ್ಲಿ?” ಎಂದಳು ಸರ್ವಮಂಗಳ.

ಮಲ್ಲೇಶನ ಬಾಯಿಂದ ಹೊರಟದ್ದು ಇಷ್ಟೇ: “ಅದು... ತಾರೀಕಲ್ವಾ?”

ಸರ್ವಮಂಗಳ ಬೋರ್ಡು ನೋಡಿದಳು, ಗಂಡನ ಮುಖ ನೋಡಿದಳು. ಅವಳಿಗೆಲ್ಲ ಹೊಳೆಯಿತು.

ಇಬ್ಬರೂ ಬೈಕಿನಲ್ಲಿ ಪಿರಿಯಾಪಟ್ಟಣಕ್ಕೆ ಬಂದರು. ಮನೆ ಮುಂದೆ ಇಳಿದು ಹೇಳಿದಳು: “ಮಕ್ಕಳು ಅಂದ್ರೆ ನಮ್ಮ ಸ್ಟೂಡೆಂಟ್ಸು. ಅರ್ಧಂಬರ್ಧ ತಿಳ್ಕೊಂಡು ಪರೀಕ್ಷೇಲಿ ಬರೆದಾರು ಅಂತ. ಇಷ್ಟು ದಿನ ನನ್ನ ಕಾವಲು ಕಾದ್ರಲ್ಲ, ಒಂದು ಮಾತು ಕೇಳೋಕಾಗ್ಲಿಲ್ವಾ?”

“ಎದ್ರಿಕೆ ಆಯ್ತು ಕಣೆ,” ಎಂದ ಮಲ್ಲೇಶ.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಆಮೇಲೆ ಊಟಕ್ಕೆ ಕರೆಯುವುದಿದ್ದರೂ ಮಗಳು ಪುಟ್ಟಿಯ ಕೈಲೇ ಹೇಳಿಸಿದಳು.

ಭಾನುವಾರ ಮಲ್ಲೇಶನೇ ಶಿವಶಂಕರನನ್ನು ಊಟಕ್ಕೆ ಕರೆದ. ಮುದ್ದೆ, ಅವರೆಕಾಳಿನ ಸಾರು ಮುಗಿದ ಮೇಲೆ ಶಿವಶಂಕರ್ ಆ ಲೆಕ್ಕವನ್ನು ಹುರುಪಿನಿಂದ ವಿವರಿಸಿದ. ಒಂದು ಕೂಡಿ, ಒಂದು ಕಳೆದು, ಮತ್ತೆ ಕೂಡಿ, ಮತ್ತೆ ಕಳೆಯುತ್ತ ಹೋದರೆ ಮೊತ್ತ ಒಂದು, ಸೊನ್ನೆ, ಒಂದು, ಸೊನ್ನೆ ಎಂದು ತೂಗಾಡುತ್ತಲೇ ಇರುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಆದರೆ ಸರಾಸರಿ ತೆಗೆಯುತ್ತ ಹೋದರೆ ಅದು ಅರ್ಧಕ್ಕೆ ಹತ್ತಿರವಾಗುತ್ತದೆ, ಹಾಗಾಗಿ ಆ ಸಾಲಿಗೆ ಅರ್ಧ ಎಂಬ ಬೆಲೆ ಕೊಡುತ್ತಾರೆ. ಒಂದು, ಎರಡು, ಮೂರು ಎಂದು ಬೆಳೆಯುವ ಸಾಲಿಗೆ ಸರಾಸರಿ ಸಾಲದು, ದಾರಿ ಬೇರೆ, ಬಹಳ ಉದ್ದ.

“ಅರ್ಧ ಒಪ್ಪಿದೆ,” ಎಂದ ಮಲ್ಲೇಶ. “ಆದ್ರೆ ಬರೀ ಕೂಡಿದ್ದಕ್ಕೆ ಮೈನಸ್ಸು ಎಂಗ್ ಬತ್ತದೆ ಸಾರ್? ನಂಗ್ಯಾಕೋ ಅನುಮಾನ.”

“ಅದರ ಮೇಲೆ ಎಷ್ಟು ಬೇಕಾದ್ರೂ ಅನುಮಾನ ಪಡಿ,” ಎಂದಳು ಸರ್ವಮಂಗಳ, ಮಜ್ಜಿಗೆಯ ಲೋಟ ಅವನ ಮುಂದೆ ಇಡುತ್ತ. ಆವತ್ತು ಮನೆ ಮುಂದೆ ಕೇಳಿದ ಮೇಲೆ ಅವಳು ಅವನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮಲ್ಲೇಶ ಲೋಟ ಎತ್ತಿಕೊಂಡ.