ಅವ್ವನಿಗೆ ಹೊಲಿದ ಕೌದಿ

ಗಂಡನ ಹೆಸರು ಹೇಳಬಾರದು ಅಂತಾರೆ. ನಾನು ಹೇಳುತ್ತೇನೆ: ತಾಯಣ್ಣ. ಆ ವರ್ಷ ಊರಿಗೆ ಊರೇ ಆ ಹೆಸರನ್ನು ಜಪಿಸುತ್ತಿದ್ದಾಗ ನಾನೊಬ್ಬಳು ಬಾಯಿ ಮುಚ್ಚಿಕೊಂಡು ಕೂತು ಏನು ಬಂತು? ಕೃಷ್ಣಾ ಹೊಳೆಯಲ್ಲಿ ಹರಗೋಲು ಹಾಕುವುದು ಅವನ ಕಸುಬು. ಈ ದಂಡೆಯಲ್ಲಿ ನಮ್ಮೂರು, ಮಕ್ತಲ್ ಸೀಮೆ. ಆಚೆ ದಂಡೆ ಗದ್ವಾಲ ಸಂಸ್ಥಾನ. ದಾಟಬೇಕೆಂದರೆ ರಾಜನಾದರೂ ನನ್ನ ಗಂಡನನ್ನೇ ಕೂಗಬೇಕು.

ಆಚೆಯ ಹಳ್ಳಿಗಳಲ್ಲಿ ಸೂರಿನಿಂದ ಇಲಿ ಬೀಳುತ್ತಿವೆ ಎಂದು ಸುದ್ದಿ ಬಂತು. ಪ್ಲೇಗು. ನಮ್ಮೂರ ಮಾಲಿಪಾಟೀಲ ಕರಿಬಸಯ್ಯನವರು ನಿಜಾಮರ ಹುಕುಂ ಬರಲಿ ಎಂದು ಕಾಯಲಿಲ್ಲ. ಊರ ಅಗಸಿ ಬಾಗಿಲಿಗೆ ಜಾಲಿಮುಳ್ಳು ಹಾಕಿಸಿದರು, ಸಂತೆ ನಿಲ್ಲಿಸಿದರು, ನನ್ನ ಗಂಡನನ್ನು ಕರೆಸಿದರು.

"ತಾಯಣ್ಣಾ, ಬ್ಯಾನಿ ಹೋಗೋ ತನಕ ಹೊಳಿ ಬಂದೋಬಸ್ತ್. ಯಾರನ್ನೂ ದಾಟಿಸಬ್ಯಾಡ. ಊರಿನ ಜೀವ ನಿನ್ನ ಕೈಯಾಗ ಐತಿ."

ಅವನು ಸಂಜೆಗೇ ಹರಗೋಲನ್ನು ದಂಡೆಗೆಳೆದು ಬೋರಲು ಹಾಕಿದ.

ಮರುವಾರ ಆಚೆ ದಂಡೆಯಲ್ಲಿ ನನ್ನ ನಾದಿನಿ ಆಶಮ್ಮ ಬಂದು ನಿಂತಳು. ಗಂಡ ಸತ್ತ ಮೇಲೂ ಆ ಕಡೆಯೇ ಕೂಲಿನಾಲಿ ಮಾಡಿಕೊಂಡಿದ್ದವಳು. ಅವಳೂರಿನ ಜನ ದಿಕ್ಕಾಪಾಲಾದಾಗ ತವರು ಬಿಟ್ಟು ಇನ್ನೆಲ್ಲಿಗೆ ಬಂದಾಳು? ತಲೆಯ ಮೇಲೆ ಒಂದೇ ಗಂಟು.

"ಅಣ್ಣಾ, ಹರಗೋಲು ತಾ! ನನಗೇನೂ ಆಗಿಲ್ಲ. ಜ್ವರ ಇಲ್ಲ, ಕಂಕಳಾಗ ಗಡ್ಡಿ ಇಲ್ಲ. ಅವ್ವಗ ಕೌದಿ ಹೊಲಕೊಂಡು ಬಂದೀನಿ!"

ನನ್ನ ಅತ್ತೆಗೆ ಬಿಸಿಲುಗಾಲದಲ್ಲೂ ಚಳಿ. ಅದಕ್ಕೇ ಮಗಳು ತನ್ನ ಹಳೇ ಸೀರೆಗಳನ್ನೆಲ್ಲ ಸೇರಿಸಿ ಹೊಲಿದಿದ್ದಳು. ನನ್ನ ಗಂಡ ನಿಂತಲ್ಲಿಂದ ಕದಲಲಿಲ್ಲ.

"ಬ್ಯಾಡವ್ವಾ. ಅಲ್ಲೇ ಇರು," ಎಂದ.

"ಆಕಿ ನಿಮ್ಮ ತಂಗಿ ಅಲ್ಲೇನ್ರಿ? ಗಟ್ಟಿಮುಟ್ಟಾಗಿ ನಿಂತಾಳ, ಕಣ್ಣಿಗೆ ಕಾಣವಲ್ದೇನು?" ಎಂದು ನಾನು ಅರಚಿದೆ.

"ತಂಗಿ ಅಂತ ಬಿಟ್ರ, ನಾಳೆ ನಮ್ಮೂರ ಬೀರಯ್ಯನ ಅಳಿಯ ಆ ದಂಡಿಗೆ ಬಂದು ನಿಂತ್ರ ಯಾವ ಬಾಯಿಲೆ ತಡೀಲಿ?"

ನ್ಯಾಯದ ಮಾತೇ. ನ್ಯಾಯವೆಂದು ಗೊತ್ತಿದ್ದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಅವತ್ತಿನಿಂದ ಅವನ ಮುಂದೆ ತಾಟು ಕುಕ್ಕತೊಡಗಿದೆ, ಮಾತು ಬಿಟ್ಟೆ.

ಆಚೆ ದಂಡೆಗೆ ಹತ್ತಿಕೊಂಡು ಹೊಳೆಯಲ್ಲೊಂದು ಮರಳುದಿಬ್ಬವಿತ್ತು. ಮಳೆಗಾಲದ ನೀರು ವರ್ಷವರ್ಷವೂ ಅದನ್ನು ಅತ್ತಿತ್ತ ಸರಿಸುವುದರಿಂದ ಅದು ನಮ್ಮೂರಿನದೂ ಅಲ್ಲ, ಗದ್ವಾಲದವರದೂ ಅಲ್ಲ. ಅದರ ಮೇಲೆ ಮೈಲಮ್ಮ ಎಂಬ ಮುದುಕಿ ಗುಡಿಸಲು ಹಾಕಿಕೊಂಡು ಕಲ್ಲಂಗಡಿ ಬೆಳೆಯುತ್ತಿದ್ದಳು. ನಮ್ಮೂರ ಮಕ್ಕಳೆಲ್ಲ ಅವಳ ಹಣ್ಣು ತಿಂದೇ ದೊಡ್ಡವರಾದದ್ದು. ಅವಳೇ ಆಶಮ್ಮನನ್ನು ಕೂಗಿ ಕರೆದಳು.

"ಬಾ ಬಿಡ್ಡಾ, ಬಾ ನನ್ನ ಮಗಳ. ನನ್ನ ಗುಡಿಸಲಕ್ಕ ಯಾವ ಪಾಟೀಲನ ಹುಕುಂ ಐತಿ?"

ದಿನಾ ಇಬ್ಬರಿಗೂ ರೊಟ್ಟಿ ಕಟ್ಟಿ ಕೊಡುತ್ತಿದ್ದೆ. ಅದೊಂದಕ್ಕೇ ಹರಗೋಲು ನೀರಿಗಿಳಿಯುತ್ತಿತ್ತು. ಗಂಡ ನಡುಹೊಳೆಯ ಬಂಡೆಯ ಮೇಲೆ ಗಂಟಿಟ್ಟು ಹಿಂದೆ ಸರಿದ ಮೇಲೆ ಆಶಮ್ಮ ಆ ಕಡೆಯ ತೆಳುನೀರಲ್ಲಿ ನಡೆದು ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಬರಲಿಲ್ಲ. ದಿಬ್ಬದ ಮೇಲೆ ಗುಡಿಸಲು ಉರಿಯುತ್ತಿತ್ತು.

"ಮೈಲಮ್ಮ ಹೋದಳು!" ಎಂದು ಆಶಮ್ಮ ದೂರದಿಂದಲೇ ಕೂಗಿದಳು. "ಕಂಕಳಾಗ ಗಡ್ಡಿ ಎದ್ದಿತ್ತು."

ತಾನೊಬ್ಬಳೇ ಮರಳು ತೋಡಿ ಮಣ್ಣು ಮಾಡಿ, ಗುಡಿಸಲಿಗೆ ಬೆಂಕಿ ಇಟ್ಟಿದ್ದಳು. ಊರಿಗೆಲ್ಲ ಸುದ್ದಿ ಗೊತ್ತಾಯಿತು. ಅವತ್ತು ನಾನೂ ತಾಟು ಕುಕ್ಕಲಿಲ್ಲ.

ಬಿಸಿಲೇರಿದಂತೆ ಬೇನೆ ಇಳಿಯಿತು. ಅಗಸಿಯ ಮುಳ್ಳು ತೆಗೆದರು. ಆಶಮ್ಮ ಈಚೆ ಬಂದಳು, ಬರಿಗೈಯಲ್ಲಿ. ಕರಿಬಸಯ್ಯನವರು ಊರನ್ನೆಲ್ಲ ಅಗಸಿಯ ಹತ್ತಿರ ಸೇರಿಸಿ ನನ್ನ ಗಂಡನ ತಲೆಗೆ ಹೊಸ ರುಮಾಲು ಸುತ್ತಿದರು. ಡಂಗುರದ ಸಾಯಣ್ಣ ಹಲಗೆ ಬಡಿದು ಸಾರಿದ: "ಸುತ್ತೆಲ್ಲ ಹೆಣ ಬಿದ್ವು, ನಮ್ಮೂರಾಗ ಒಬ್ಬರೂ ಸತ್ತಿಲ್ಲ!"

"ಬ್ಯಾನಿ ಈ ಕಡಿ ಬರೋದೇ ಇರಲಿಲ್ಲ ಬಿಡ್ರಿ. ಸುಮ್ಮನ ಸಂತಿ ಹಾಳಾತು," ಎಂದು ಬೀರಯ್ಯ ಗೊಣಗಿದ. ಅಳಿಯನ ಮುಖ ನೋಡದೆ ಅವನಿಗೂ ಸಾಕಾಗಿತ್ತು.

ಆಶಮ್ಮ ಎದ್ದು ನಿಂತಳು.

"ಬರ್ತಿತ್ತು ಮಾಮಾ. ನನ್ನ ಗಂಟಿನಾಗ ಇತ್ತು. ಇಲಿ ಬಿದ್ದ ಮನಿಯಿಂದ ತಂದ ಕೌದಿ ಅದು. ಚಳಿ ಅಂದಳಂತ ಮೈಲಮ್ಮಗ ಹೊಚ್ಚಿದೆ, ಹೊಚ್ಚಿಕೊಂಡಾಕಿ ಎದ್ದು ಕೂಡಲಿಲ್ಲ. ಅಣ್ಣ ದಾಟಿಸಿದ್ರ ಅದು ನಮ್ಮವ್ವನ ಮೈಮ್ಯಾಲ ಇರ್ತಿತ್ತು." ಅಣ್ಣನ ಕಡೆ ತಿರುಗಿದಳು. "ನೀ ಮಾಡಿದ್ದು ಬರೋಬರಿ ಐತಿ ಅಣ್ಣಾ. ನನಗ ಸಿಟ್ಟಿಲ್ಲ. ಆದ್ರ ಒಬ್ಬರೂ ಸತ್ತಿಲ್ಲ ಅಂತ ಸಾರಬ್ಯಾಡ್ರಿ."

"ಆಕಿ ನಮ್ಮೂರಾಕಿ ಅಲ್ಲಲ್ಲವ್ವಾ," ಎಂದರು ಕರಿಬಸಯ್ಯನವರು, ಮೆಲ್ಲಗೆ.

"ಮತ್ತ ಯಾವೂರಾಕಿರಿ?"

ನನ್ನ ಗಂಡ ರುಮಾಲು ಬಿಚ್ಚಿ ಮಡಚಿದ.

"ಸಾಯಣ್ಣಾ, ಒಬ್ಬಾಕಿ ಸತ್ತಾಳ ಅಂತ ಸಾರು. ಹೆಸರು ಹೇಳಿ ಸಾರು."

ಸಾಯಣ್ಣ ಪಾಟೀಲರ ಮುಖ ನೋಡಿದ. ಅವರು ಹೂಂ ಎಂದರು. ಹಲಗೆ ಮತ್ತೆ ಸದ್ದು ಮಾಡಿತು. ಮುಂದೆ ಪ್ಲೇಗು ತಿರುಗಿ ಬಂದಾಗಲೂ ನಾವು ಹೊಳೆ ಮುಚ್ಚಿದೆವು. ಆದರೆ ಮುಚ್ಚುವ ಮೊದಲು ಆಚೆ ದಂಡೆಯಲ್ಲಿ ಬಂದವರಿಗೆಂದು ಬೇರೆಬೇರೆ ಗುಡಿಸಲು ಕಟ್ಟಿ, ಹೊದಿಕೆ, ನೀರು, ಹಿಟ್ಟು ಇಟ್ಟು ಬಂದೆವು. ಮೊದಲ ಕಂಬ ಹುಗಿದವನು ನನ್ನ ಗಂಡ.

ಮೈಲಮ್ಮನ ಹೆಸರು ಸಾರಿದ ಆ ದಿನ ನಾವು ಅಗಸಿಯಿಂದ ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಳು. ಕಿವಿ ಮಂದ, ಮಂಡಿ ನೋವು. ಏನು ನಡೆದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮಗಳ ಕೆನ್ನೆ ಸವರಿ, ಖಾಲಿ ಕೈ ನೋಡಿದಳು.

"ಕೌದಿ ತರ್ತೀನಿ ಅಂದಿದ್ದೆಲ್ಲ, ಎಲ್ಲೈತವ್ವಾ?"

ಆಶಮ್ಮ ಅವಳ ಕಿವಿಗೆ ಬಾಯಿ ಹಚ್ಚಿದಳು. "ಹೊಳಿ ಮೈಲಮ್ಮಗ ಹೊಚ್ಚಿದೆ, ಅವ್ವಾ."

"ಚಲೋ ಮಾಡಿದಿ," ಎಂದಳು ಅತ್ತೆ. "ನನಗರ ಮನಿ ಐತಿ, ಬಾಗಿಲು ಹಾಕ್ಕೋತೀನಿ. ಪಾಪ, ಆಕಿಗೇನೈತಿ?"