ಮೂರು ಊರಿನ ಬಾಟಲಿ

ಸೇಡಂನಲ್ಲಿ ಕೊಂಡ ಗುಲಾಬಿ ಬಾಟಲಿಗೆ ನೂರಾ ತೊಂಬತ್ತು. ಚಿತ್ತಾಪುರದ ಮುಲಾಮಿಗೆ ನೂರಾ ಹತ್ತು. ಗಾಯ ತೊಳೆಯುವ ಔಷಧಿ ಎರಡು ಸಲ ತಂದದ್ದಕ್ಕೆ ನೂರಾ ಅರವತ್ತು. ಈಗ ಶಹಾಬಾದಿನ ಈ ಮೆಡಿಕಲ್ ಅಂಗಡಿಯಲ್ಲಿ ಮುಂದಿಟ್ಟಿದ್ದ ಹಸಿರು ಬಾಟಲಿಗೆ ಇನ್ನೂರಾ ನಲವತ್ತು. ರೈಲಿನ ಟಿಕೀಟು ಬೇರೆ. ಮೈತ್ರಿ ಪರ್ಸು ತೆರೆದು ನಿಂತಿದ್ದಳು.

ಅವಳಿರುವ ವಾಡಿಯಲ್ಲಿ ಅಂಗಡಿಗಳಿಗೇನೂ ಬರವಿರಲಿಲ್ಲ. ಆದರೆ ಅಲ್ಲಿನವರೆಲ್ಲ ಅವಳ ಗಂಡ ಸುರೇಶಕುಮಾರನ ಗುರುತಿನವರು. ಡ್ಯೂಟಿ ಮುಗಿಸಿ ಬಂದವನು ಅವರ ಜೊತೆಗೇ ಚಹಾಕ್ಕೆ ಕೂಡುತ್ತಾನೆ. ಹಾಗಾಗಿ ಒಂದೊಂದು ಸಲ ಒಂದೊಂದು ಊರು. ಹೋದ ಸಲವೂ ಇದನ್ನೇ ಒಯ್ದಿದ್ದಿರಲ್ಲ ಎಂದು ಯಾರೂ ಅನ್ನಬಾರದು.

ಅಂಗಡಿಯ ಹುಡುಗಿ ಶಾಕೀರ ಬಾಟಲಿಯನ್ನು ಕಾಗದದಲ್ಲಿ ಸುತ್ತಲು ಹೋದವಳು ಕೈ ತಡೆದಳು. ಗಲ್ಲಾದ ಮುಂದೆ ಕೂತಿದ್ದ ತಂದೆ ಅಬ್ದುಲ್ ಕರೀಮನ ಕಡೆ ತಿರುಗಿದಳು.

"ಅಬ್ಬಾ, ಚಾ ಕುಡ್ದು ಬರ್ರಿ."

"ಈಗ ಕುಡ್ದು ಬಂದೀನಲ್ಲ!"

"ಇನ್ನೊಂದು ಕುಡೀರಿ. ನಿಮಗ ಚಾ ಬ್ಯಾಡಾದ ದಿನ ನಾ ನೋಡೇ ಇಲ್ಲ."

ಮುದುಕ ನಗುತ್ತ ಚಪ್ಪಲಿ ಮೆಟ್ಟಿದ. ಅವನು ರಸ್ತೆ ದಾಟುವ ತನಕ ಕಾದು ಶಾಕೀರ ದನಿ ಇಳಿಸಿದಳು. "ಅಕ್ಕಾ, ಇದಕ್ಕ ಮುಂಚೆ ಏನೇನು ಹಚ್ಚೀರಿ?"

ಮೈತ್ರಿ ಪರ್ಸು ಮುಚ್ಚಿದಳು. ಈ ಮೂರು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕೇಳದಂತೆ ಅವಳೇ ನೋಡಿಕೊಂಡಿದ್ದಳು. ಮೊದಲು ಒಂದನ್ನು ಹೇಳಿದಳು, ಆಮೇಲೆ ಇನ್ನೊಂದನ್ನು, ಕೊನೆಗೆ ಬಿಸಿನೀರಿಗೆ ಗಾಯದ ಔಷಧಿ ಹಾಕಿ ದಿನಕ್ಕೆ ಮೂರು ಸಲ ಒಳಗಿನ ತನಕ ತೊಳೆಯುವುದನ್ನೂ ಹೇಳಿಬಿಟ್ಟಳು.

"ಒಳಗ ತೊಳೀಬಾರ್ದು ಅಕ್ಕ! ಅದೇನು ಹೊಲಸಲ್ಲ. ತೊಳದಷ್ಟೂ ಜಾಸ್ತಿ ಆಗ್ತದ. ತುರಿಕಿ ಅದನ? ಬಿಳಿ ಹೋಗೋದು ಮೊಸರಿನಂಗ ಅದೇನು?"

"ಇಲ್ಲ. ನೀರಿನಂಗ. ವಾಸ್ನಿ... ಮೀನಿಂದು."

"ಹಂಗಿದ್ರ ಆ ಚಿತ್ತಾಪುರದ ಮುಲಾಮು ದಂಡ. ಇದೂ ದಂಡ." ಹಸಿರು ಬಾಟಲಿಯನ್ನು ತನ್ನ ಕಡೆ ಎಳೆದುಕೊಂಡಳು. "ಬೇಕಾದ ಗುಳಗಿ ಡಾಕ್ಟರ ಚೀಟಿ ಇಲ್ದೆ ನಾ ಕೊಡಂಗಿಲ್ಲ. ದವಾಖಾನ್ಯಾಗ ಲೇಡಿ ಡಾಕ್ಟರು ಒಂದರ ತನಕ ಇರ್ತಾರ. ಹೋಗ್ರಿ, ಇನ್ನೂ ಟೈಮ್ ಅದ."

"ಡಾಕ್ಟರು ಏನರೆ ದೊಡ್ಡದು ಹೇಳಿದ್ರ?"

"ಹೇಳಿದ್ರ ಹೇಳ್ತಾರ. ಮುಚ್ಚಿಟ್ರ ಅದು ಸಣ್ಣದಾಗ್ತದೇನು?"

ಮೈತ್ರಿ ಹೊರಗೆ ಬಂದಳು. ಎಡಕ್ಕೆ ಸ್ಟೇಷನ್ನು, ಬಲಕ್ಕೆ ದವಾಖಾನೆ. ಅವಳ ಕಣ್ಣ ಮುಂದೆ ಬಂದದ್ದು ದೊಡ್ಡವ್ವ ಸುಂದರಬಾಯಿ.

ತಾಯಿಯ ಅಕ್ಕ ಅವಳು. ಗಂಡ ಬಿಟ್ಟ ಮೇಲೆ ಇವರ ಮನೆಯಲ್ಲೇ ಇದ್ದಳು. ಬೆಳಗಾಗುವ ಮೊದಲೇ ಬಚ್ಚಲಿನಲ್ಲಿ ವಾಸನೆ ಹೋಗಲೆಂದು ಪಟಿಕ ಕರಗಿಸಿದ ನೀರು ಹೊಯ್ದುಕೊಳ್ಳುವಳು, ಒಂದು ಚೊಂಬು, ಇನ್ನೊಂದು ಚೊಂಬು, ಮತ್ತೊಂದು. ಮೈತ್ರಿಗೆ ಒಂಬತ್ತು ವರ್ಷವಿದ್ದಾಗ, ಭೀಮ ಜಯಂತಿಯ ಊಟಕ್ಕೆ ದೊಡ್ಡವ್ವ ಪಕ್ಕದಲ್ಲಿ ಬಂದು ಕೂತಳು. ಮೈತ್ರಿ ಹೊಸ ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡಳು. ದೊಡ್ಡವ್ವ ನೋಡಿದಳು. ತಾಟು ಎತ್ತಿಕೊಂಡು ಎದ್ದಳು. ಆಮೇಲೆ ಎಂದೂ ಯಾರ ಪಕ್ಕದಲ್ಲೂ ಕೂತು ಉಣ್ಣಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು.

ಈಗ ಮೈತ್ರಿ ಬಚ್ಚಲ ಬಾಗಿಲು ಹಾಕಿಕೊಂಡರೆ ಸಾಕು, ತಾನು ಸುರಿಯುವ ಚೊಂಬಿನ ಹಿಂದೆ ಇನ್ನೊಂದು ಚೊಂಬು ಸುರಿದಂತಾಗುತ್ತಿತ್ತು. ತಾನು ನಿಲ್ಲಿಸಿದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಒಂದೆರಡು ಸಲ "ಯಾರು?" ಎಂದೂ ಕೇಳಿದ್ದಳು. ಗಂಡ ಹೊರಗಿನಿಂದ, "ಯಾರ ಜೋಡಿ ಮಾತಾಡ್ಲಿಕತ್ತಿ?" ಎಂದಿದ್ದ.

ಅವಳು ಬಲಕ್ಕೆ ನಡೆದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಭಾಳ ಹೆಣ್ಮಕ್ಕಳಿಗೆ ಬರುವಂಥದ್ದೇ ಎಂದರು. ಒಳಗೆ ತೊಳೆಯುವುದನ್ನು ಬಿಡಬೇಕು, ಗುಳಗಿಯನ್ನು ಏಳು ದಿನವೂ ತಪ್ಪಿಸಬಾರದು. ಚೀಟಿ ಬರೆಯುತ್ತ ಕೇಳಿದರು, "ನಿಮ್ಮ ಮನ್ಯಾಗ ಯಾರಿಗರೆ ಗರ್ಭಚೀಲದ ಬ್ಯಾನಿ ಇತ್ತೇನ್ರಿ?"

"ಅವ್ವಗ ಕೇಳಿ ಹೇಳ್ತೀನ್ರಿ," ಎಂದಳು ಮೈತ್ರಿ.

ಎಂಟನೇ ದಿನ ಚಿಂಚೋಳಿಯಲ್ಲಿದ್ದ ತಾಯಿ ಸಾಬಮ್ಮನಿಗೆ ಫೋನು ಹಚ್ಚಿದಳು.

"ಅವ್ವಾ, ದೊಡ್ಡವ್ವಗ ಏನಾಗಿತ್ತು?"

"ಈಗ್ಯಾಕ ತಾಯಿ ಅದೆಲ್ಲ? ಸತ್ತು ಇಪ್ಪತ್ತು ವರ್ಷಾತು."

"ದವಾಖಾನಿಗಿ ಒಯ್ದಿದ್ರಾ?"

ಆ ಕಡೆ ಯಾರದೋ ಕೋಳಿ ಕೂಗಿದ್ದು ಕೇಳಿಸಿತು.

"ಒಮ್ಮಿ ಕೇಳಿದ್ಳು. 'ಜೋಡಿ ಬಾ ಸಾಬಮ್ಮ, ಒಬ್ಬಾಕಿಗಿ ಹೇಳ್ಲಿಕ್ಕ ನಾಚಿಕಿ ಬರ್ತದ' ಅಂದ್ಳು. ತೊಗರಿ ರಾಶಿ ಮುಗೀಲಿ ಅಂದೆ ನಾ."

"ಮುಗದ ಮ್ಯಾಲ?"

"ಆಕಿ ಮತ್ತ ಕೇಳ್ಲಿಲ್ಲ. ನಾನೂ ನೆಪ್ಪು ಮಾಡ್ಲಿಲ್ಲ."

ಇಬ್ಬರೂ ಫೋನು ಇಡಲಿಲ್ಲ. ತಾಯಿ ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು. ಮೈತ್ರಿಯ ಮೈ ಏಳು ದಿನದ ಗುಳಗಿಗೆ ಮೊದಲಿನಂತಾಗಿತ್ತು. ದೊಡ್ಡವ್ವನಿಗೆ ಇದ್ದದ್ದು ಇದೇ ರೋಗವೋ, ಇದಕ್ಕಿಂತ ದೊಡ್ಡದೋ, ಅದು ಮಾತ್ರ ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.