ನೀರು ಕುಡಿಯದವನ ಮಾತು

ಬಂದ ಅತಿಥಿ ನೀರು ಕುಡಿಯುವ ತನಕ ಪಶ್ಚಿಮ ಆಫ್ರಿಕಾದ ಏವೆ ಜನ ಅವನ ಕೆಲಸವೇನೆಂದು ಕೇಳುವುದಿಲ್ಲ. ಅವನಾಗಿಯೇ ಹೇಳಿದರೂ ಅದು ಲೆಕ್ಕಕ್ಕಿಲ್ಲ. ಗಡಿ ಗೊತ್ತುಮಾಡಲು ಬಂದ ಇಂಗ್ಲಿಷ್ ದೊರೆಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನೇನು ಕುದಿಸದ ನೀರು ಮುಟ್ಟುವ ಆಸಾಮಿಯಲ್ಲ.

ಜರ್ಮನ್ನರು ಮೊದಲ ಮಹಾಯುದ್ಧ ಸೋತು ಗಂಟುಮೂಟೆ ಕಟ್ಟಿದ ಮೇಲೆ ಇಂಗ್ಲಿಷರೂ ಫ್ರೆಂಚರೂ ಎಲ್ಲೋ ಮೇಜಿನ ಸುತ್ತ ಕೂತು ಅವರ ವಸಾಹತು ಟೋಗೋಲ್ಯಾಂಡನ್ನು ಹಂಚಿಕೊಂಡಿದ್ದರು. ಯಾರಪ್ಪನ ಮನೆ ಆಸ್ತಿ! ಗೆರೆ ಬಿದ್ದದ್ದು ಅಫೆಮೆ ಎಂಬ ಊರಿನ ಹಳ್ಳದ ಮೇಲೆ. ಈಚೆ ಇಂಗ್ಲಿಷರು, ಆಚೆ ಫ್ರೆಂಚರು. ಹಳ್ಳ ಬತ್ತಿದಾಗ ಊರಿಗೆ ಗತಿಯಾಗಿದ್ದ ಒಂದೇ ಬುಗ್ಗೆ ಆಚೆ ದಡದಲ್ಲಿತ್ತು. ಗೆರೆಯನ್ನು ಅಷ್ಟಿಷ್ಟು ಸರಿಸುವ ಅಧಿಕಾರ ದೊರೆಗಿತ್ತು, ಮನಸ್ಸಿರಲಿಲ್ಲ.

ಮರದಡಿ ಸಭೆ ಸೇರಿತು. ಊರ ಮುಖ್ಯಸ್ಥ ತೊಗ್ಬೆ ಅಗ್ಬೆಕೊ ಸಭೆಯಲ್ಲಿ ಬಾಯಿಬಿಡುವ ಪದ್ಧತಿಯಿಲ್ಲ. ಅವನ ಪಿಸುಮಾತನ್ನು ಕೋಲು ಹಿಡಿದು ಎಲ್ಲರಿಗೂ ಕೇಳುವಂತೆ ಹೇಳುವವನು ದೊತ್ಸೆ. ದೊರೆ ಕಾಗದ ಓದಿದ, ದುಭಾಷಿ ಅದನ್ನು ಏವೆ ಭಾಷೆಗೆ ತಿರುಗಿಸಿದ: ನಾಳೆಯಿಂದ ಹಳ್ಳ ದಾಟಿದರೆ ಅಪರಾಧ.

ತೊಗ್ಬೆ ಪಿಸುಗುಟ್ಟಿದ. ದೊತ್ಸೆ ಎದ್ದು ನಿಂತ.

"ತೊಗ್ಬೆ ಕೇಳ್ತಿದಾರೆ, ಈ ದೊರೆ ಯಾವಾಗ ಬಂದ್ರು?"

ಸಭೆ ಗೊಳ್ಳೆಂದಿತು. ದೊರೆ ಕೆಂಪಾಗಿ ಮೊದಲಿನಿಂದ ಓದಿದ. ದೊತ್ಸೆ ಮತ್ತದೇ ಕೇಳಿದ. ದೊರೆಯ ಜೊತೆ ಬಂದ ಸಿಪಾಯಿಗಳು ಬಂದೂಕು ಹಿಡಿದು ಅವನನ್ನೇ ನೋಡುತ್ತಿದ್ದರು. ಆದರೂ ಇಷ್ಟು ವರ್ಷ ಬೇರೆಯವರ ಮಾತು ಹೊತ್ತ ಬೆನ್ನು ಅವತ್ತು ಬಾಗಲಿಲ್ಲ.

ಬಿಸಿಲು ನೆತ್ತಿಗೇರಿತು. ದೊರೆಯ ಬಾಟಲಿ ಖಾಲಿಯಾಗಿ ಗಂಟಲು ಕಟ್ಟಿತು. ಹೆಂಗಸರ ಮುಂದಾಳು ಅಬ್ರಾ ಅಜ್ಜಿ ಸೋರೆಬುರುಡೆ ಹಿಡಿದು ಬಂದಳು.

"ಕುಡಿಯಪ್ಪಾ. ಒಣ ಗಂಟಲಲ್ಲಿ ಎಷ್ಟೂಂತ ಒದರ್ತೀಯ?"

ದೊರೆ ಆಚೀಚೆ ನೋಡಿ, ಒಂದೇ ಉಸಿರಿಗೆ ಗಟಗಟ ಕುಡಿದ.

ತೊಗ್ಬೆಯ ಪಿಸುಮಾತಿಗೂ ಕಾಯದೆ ದೊತ್ಸೆ ಕೋಲನ್ನು ನೆಲಕ್ಕೆ ಕುಟ್ಟಿದ. "ಅತಿಥಿ ನೀರು ಕುಡಿದ್ರು! ಹಳ್ಳದಾಚೆ ಬುಗ್ಗೆ ನೀರು, ನಮ್ಮ ಹೆಣ್ಮಕ್ಕಳು ಬೆಳಿಗ್ಗೆ ಹೊತ್ಕೊಂಡು ಬಂದಿದ್ದು. ಈಗ ಹೇಳಿ ದೊರೆ, ಏನ್ ಕೆಲಸಕ್ಕೆ ಬಂದ್ರಿ?"

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ದೊರೆಯ ಗಡ್ಡದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಕಾಗದ ನೋಡಿದ, ಬುರುಡೆ ನೋಡಿದ. ಈಗ ತಾನೇ ಕುಡಿದ ನೀರನ್ನು ತರುವುದೇ ನಾಳೆಯಿಂದ ಅಪರಾಧ ಎಂದು ಓದಬೇಕಿತ್ತು. ಕೊನೆಗೆ ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ಗೀಚಿದ.

"ಗಡಿ ಬುಗ್ಗೆಯಿಂದ ಆಚೆಗೆ ಹೋಗುತ್ತೆ ಅಂತಿದಾರೆ," ಎಂದ ದುಭಾಷಿ.

ಹೆಂಗಸರು ಕೇಕೆ ಹಾಕಿದರು. ದೊತ್ಸೆಗೆ ತನ್ನ ಊರು ಅವತ್ತಿನಷ್ಟು ದೊಡ್ಡದಾಗಿ ಎಂದೂ ಕಂಡಿರಲಿಲ್ಲ.

ಅಬ್ರಾ ಅಜ್ಜಿ ಮಾತ್ರ ಕದಲಲಿಲ್ಲ.

"ಬುಗ್ಗೆ ದಾಟಿದ್ರೆ ನಮ್ಮಕ್ಕನ ಮನೆ. ಅದು ಯಾರಿಗೆ?"

ದೊರೆಯ ಬೆರಳು ನಕ್ಷೆಯಲ್ಲಿ ಹೊಸ ಗೆರೆಯ ಆಚೆ, ಫ್ರೆಂಚರ ಕಡೆ ಹೋಗಿ ನಿಂತಿತು.

"ಹಂಗಾದ್ರೆ ದೊರೆಗೆ ಕೂತ್ಕೊಳ್ಳಕ್ಕೆ ಹೇಳು, ದೊತ್ಸೆ," ಎಂದಳು ಅಜ್ಜಿ. "ಅಕ್ಕನ ಮನೆಯಿಂದ ಇನ್ನೊಂದು ಬುರುಡೆ ತರ್ತೀನಿ."